ಹೆಬ್ಬೆಟ್ಟಿಗೊಂದು ಲೀಟರ್ ಹಾಲು

“ಕಾಲಿನ ಹೆಬ್ಬೆಟ್ಟಿಗೆಲ್ಲಾ ಸರ್ಕಾರ ಏನೂ ಕೊಡಲ್ಲ ಕಣೋ ಮುನೀಂದ್ರ. ಕೈ ಹೆಬ್ಬೆಟ್ಟಾಗಿದ್ರೆ ಅದೊಂದು ಲೆಕ್ಕ,” ಅಂದ ಗೋಪಾಲಪ್ಪ, ಜಗಲಿ ಮೇಲೆ ಚಾಚಿದ್ದ ಮುನೀಂದ್ರನ ಬಲಗಾಲನ್ನು ಸಂತೆಯಲ್ಲಿ ಕರುವಿನ ಹಲ್ಲು ನೋಡುವ ಹಾಗೆ ಬಗ್ಗಿ ನೋಡುತ್ತಾ.

ಪಿಲ್ಲಗುಂಪೆಯ ಡಬ್ಬಿ ಕಾರ್ಖಾನೆಯಲ್ಲಿ ಮುಚ್ಚಳ ತುಂಬಿದ ಕ್ರೇಟೊಂದು ಮೊನ್ನೆ ಜಾರಿ ಮುನೀಂದ್ರನ ಕಾಲ ಮೇಲೆ ಕೂತಿತ್ತು. ಹೆಬ್ಬೆಟ್ಟಿನ ಮೂಳೆ ಮುರಿದಿತ್ತು. ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆಯ ಡಾಕ್ಟರು ಬೆರಳಿಗೆ ಸುತ್ತಿದ ಬಟ್ಟೆ ಎಷ್ಟು ದಪ್ಪಗಿತ್ತೆಂದರೆ, ದೂರದಿಂದ ನೋಡಿದವರಿಗೆ ಯಾರೋ ಅವನ ಕಾಲ ತುದಿಗೆ ರಾಗಿಮುದ್ದೆ ಕಟ್ಟಿ ಕಳಿಸಿದ್ದಾರೆ ಅನ್ನಿಸಬೇಕು. ಮೂಳೆ ಕೂಡುವವರೆಗೂ ನಿಂತು ಕೆಲಸ ಮಾಡಕೂಡದು ಅಂತ ಡಾಕ್ಟರು ಹೇಳಿದ್ದರು. ಕೂತರೆ ಸಂಬಳ ಬರುತ್ತಾ ಅನ್ನೋದನ್ನ ಮಾತ್ರ ಹೇಳಿರಲಿಲ್ಲ. ನೋವಿನಲ್ಲಿ ಇವನೂ ಕೇಳಿರಲಿಲ್ಲ.

ಬಾಗಿಲ ಹಿಂದೆ ಹೆಂಡತಿ ಕವಿತ ನಿಂತಿದ್ದಳು. ಐದು ವರ್ಷ ಕಾದಮೇಲೆ ನಿಂತ ಬಸುರು ಅವಳದ್ದು. ಈಗ ಆರನೇ ತಿಂಗಳು. “ನೀವು ಕೂತ್ರೂ ಏನಾದ್ರೂ ಬರುತ್ತೆ ಅಂತ ಖಾತ್ರಿ ಆದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ನಾನು ಗಾರ್ಮೆಂಟ್ಸ್ ವ್ಯಾನ್ ಹತ್ತೋಳೇ. ವ್ಯಾನ್ ಓಡ್ಸೋ ಬೈರೇಶಣ್ಣಂಗೆ ಸಂಜೆ ಹೇಳ್ತೀನಿ ಅಂದಿದ್ದೀನಿ,” ಅಂತ ಬೆಳಿಗ್ಗೆ ಎದ್ದವಳೇ ಹೇಳಿದ್ದಳು. ಆ ವ್ಯಾನಿನಲ್ಲಿ ಹೆಂಗಸರನ್ನು ಹೇಗೆ ತುಂಬುತ್ತಾರೆ, ರಸ್ತೆಯ ಗುಂಡಿಗಳಲ್ಲಿ ಅದು ಹೇಗೆ ಎಗರುತ್ತೆ ಅನ್ನೋದು ಮುನೀಂದ್ರನಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಅವನನ್ನು ನೋಯಿಸುತ್ತಿದ್ದದ್ದು ಹೆಬ್ಬೆಟ್ಟಲ್ಲ, ಆ ವ್ಯಾನು.

“ಏನೂ ಕೊಡಲ್ಲ,” ಅಂತ ಗೋಪಾಲಪ್ಪ ಇನ್ನೊಂದು ಸಲ ಅಂದ.

ಬಾಗಿಲ ಹಿಂದೆ ಬಳೆ ಸದ್ದು ನಿಂತಿತು. ಮುನೀಂದ್ರನ ಬಾಯಿ ಅವನನ್ನು ಕೇಳದೆ ತೆರೆದುಕೊಂಡಿತು.

“ಯಾರಣ್ಣ ಹೇಳಿದ್ದು? ಪೂರ್ತಿ ಸಂಬಳ ಕೊಡ್ತಾರೆ! ಅದರ ಮೇಲೆ, ಮೂಳೆ ಕೂಡೋವರ್ಗೂ ದಿನಕ್ಕೊಂದು ಲೀಟರ್ ಹಾಲು!”

“ಹಾಲು?”

“ಹ್ಞೂ, ಹಾಲು. ಮೂಳೆಗೆ ಒಳ್ಳೇದಲ್ವಾ, ಅದಕ್ಕೆ.”

ಬೇರೆ ಏನೇ ಹೇಳಿದ್ದರೂ ಗೋಪಾಲಪ್ಪ ವಾದ ಮಾಡುತ್ತಿದ್ದ. ಆದರೆ ಹಾಲು! ಊರಿನ ಡೇರಿಯಲ್ಲಿ ಎಲ್ಲರ ಹಾಲಿಗೂ ಡಿಗ್ರಿ ನೋಡುವವನು ಅವನೇ. ಅವನು ನೀರಿದೆ ಅಂದರೆ ನೀರಿದೆ, ಇಲ್ಲ ಅಂದರೆ ಇಲ್ಲ. ಗೋಪಾಲಪ್ಪ ಹೇಳಿದ ಮಾತು ಸುಳ್ಳಾಗಿದ್ದನ್ನ ಊರಲ್ಲಿ ಯಾರೂ ಕಂಡಿರಲಿಲ್ಲ. ಹಾಲಿನ ವಿಷಯದಲ್ಲಿ ಸರ್ಕಾರ ತನಗೆ ತಿಳಿಸದೆ ಇಂಥದ್ದೊಂದು ಮಾಡಿಬಿಟ್ಟಿದೆಯಲ್ಲ ಅಂತ ಅವನ ಮುಖ ಚಿಕ್ಕದಾಯಿತು. ಟವೆಲ್ಲು ಕೊಡವಿಕೊಂಡು ಎದ್ದವನೇ ಡೇರಿ ಕಡೆ ನಡೆದ.

ಕವಿತ ಹೊರಗೆ ಬಂದಳು. “ನಿಜವಾ?”

“ನಿಜಾನೇ.”

“ಮತ್ಯಾಕೆ ಕಿವಿ ಕೆರ್ಕೋತಿದ್ದೀರಾ?”

ಮುನೀಂದ್ರ ಕಿವಿಯಿಂದ ಕೈ ತೆಗೆದ. ಕೋಲು ತಗೊಂಡು, “ಸಂಜೆಯೊಳಗೆ ಸರಿಯಾಗಿ ತಿಳ್ಕೊಂಡು ಬರ್ತೀನಿ,” ಅಂತ ಶೇರ್ ಆಟೋ ಹತ್ತಿದ.

ಕಾರ್ಖಾನೆ ಗೇಟಿನ ಎದುರಿಗೆ ಚೈತ್ರಳ ಜೆರಾಕ್ಸ್ ಅಂಗಡಿ. ಆಧಾರ್‌ನಿಂದ ಹಿಡಿದು ಜಾತಕದವರೆಗೂ ಅವಳ ಕಂಪ್ಯೂಟರಿನಲ್ಲಿ ಸಿಗದೆ ಇರುವುದು ಇಲ್ಲ ಅಂತ ಹೆಸರು. “ಕೂತ್ಕೊಳಣ್ಣ, ಒಂದೇ ನಿಮಿಷ,” ಅಂತ ಕೀಲಿಗಳನ್ನು ಹುರಿಗಡಲೆ ಅಗಿಯುವ ಹಾಗೆ ಕುಟ್ಟಿದಳು. “ಸಿಕ್ತು! ಕಾಲಿನ ಹೆಬ್ಬೆರಳಿಗೆ ಬೇರೆ ಲೆಕ್ಕ, ಉಳಿದ ಬೆರಳಿಗೆ ಬೇರೆ ಲೆಕ್ಕವಂತೆ. ಚೆನ್ನಾಗೇ ಕೊಡ್ತಾರಣ್ಣ, ಡಾಲರ್ ಲೆಕ್ಕದಲ್ಲಿ!”

“ಡಾಲರ್ರಾ?”

ಚೈತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. “ಅಯ್ಯೋ, ಇದು ಅಮೆರಿಕದ ಹೆಬ್ಬೆರಳು ಕಣಣ್ಣ.”

ಇನ್ನೊಂದು ವಿಡಿಯೋ ಹಾಕಿದಳು. ಅದರಲ್ಲಿ ಕೋಟು ಹಾಕಿದವನೊಬ್ಬ, “ಫ್ರೆಂಡ್ಸ್, ಕೆಲಸದಲ್ಲಿ ಏಟಾಯ್ತಾ? ಈ ಐದು ಸತ್ಯ ನಿಮಗೆ ಯಾರೂ ಹೇಳಲ್ಲ,” ಅಂತ ಶುರು ಮಾಡಿ, ಮೂರನೇ ಸತ್ಯಕ್ಕೆ ಬರುವಷ್ಟರಲ್ಲಿ ತಲೆಗೂದಲಿನ ಎಣ್ಣೆ ಮಾರತೊಡಗಿದ. ಮುನೀಂದ್ರ ಎದ್ದ.

ಪಕ್ಕದ ಟೀ ಅಂಗಡಿ ಜವರಪ್ಪನದು. ಹಿಂದೆ ಇದೇ ಕಾರ್ಖಾನೆಯಲ್ಲಿದ್ದವನು, ಪ್ರೆಸ್ ಮೆಷಿನ್ನಿಗೆ ಎರಡು ಬೆರಳು ಕೊಟ್ಟು ಟೀ ಅಂಗಡಿ ಇಟ್ಟಿದ್ದ. ಉಳಿದ ಬೆರಳುಗಳಲ್ಲೇ ಟೀ ಎತ್ತಿ ಸುರಿಯುತ್ತಾ ಅಂದ: “ಕಂಪ್ಯೂಟರ್ ಕೇಳ್ಬೇಡ, ಗೇಟ್‌ನಲ್ಲಿ ಕೇಳ್ಬೇಡ, ನನ್ನನ್ನೂ ಕೇಳ್ಬೇಡ. ನಂದು ಹಳೇ ಕಾಲದ ಕತೆ. ಸೀದಾ ಇಎಸ್‌ಐ ಆಫೀಸಿಗೆ ಹೋಗು. ಅಲ್ಲಿ ಶಶಿರೇಖಾ ಮೇಡಂ ಅಂತ ಇದ್ದಾರೆ. ಬೈತಾರೆ, ಆದ್ರೆ ಸುಳ್ಳು ಹೇಳಲ್ಲ.”

ಟೀ ಕುಡಿಯುತ್ತಿದ್ದವನೊಬ್ಬ ತಿರುಗಿದ. “ಅಲ್ಲಿ ಈಗ ಹಾಲು ಬೇರೆ ಕೊಡ್ತಾರಂತೆ ಕಣ್ರೀ. ಸೂಲಿಬೆಲೆ ಕಡೆ ಯಾರಿಗೋ ಸ್ಯಾಂಕ್ಷನ್ ಆಗಿದೆಯಂತೆ. ನಮ್ಮ ಭಾಮೈದ ಈಗ ತಾನೇ ಫೋನ್ ಮಾಡಿದ್ದ.”

ಮುನೀಂದ್ರನಿಗೆ ಟೀ ನೆತ್ತಿಗೇರಿತು. ಅವನು ಶೇರ್ ಆಟೋದಲ್ಲಿ ಬಂದಿದ್ದ, ಅವನ ಸುಳ್ಳು ಬುಲೆಟ್ಟಿನಲ್ಲಿ ಬಂದಿತ್ತು.

ಆಫೀಸಿನಲ್ಲಿ ಶಶಿರೇಖಾ ಮೇಡಂ ಕನ್ನಡಕದ ಮೇಲಿಂದ ಅವನ ಕಾಲು ನೋಡಿದರು, ಕಾರ್ಡ್ ಇಸಿದುಕೊಂಡರು, ಕಂಪ್ಯೂಟರ್ ನೋಡಿದರು.

“ಕಂಪನಿಯೋರು ಆಕ್ಸಿಡೆಂಟ್ ರಿಪೋರ್ಟ್ ಕಳ್ಸಿದ್ದಾರೆ. ಕೆಲ್ಸದಲ್ಲಿ ಆಗಿರೋ ಗಾಯ. ಎಷ್ಟು ದಿನ ಕೂತ್ಕೋಬೇಕು ಅಂತ ಡಾಕ್ಟರು ಸರ್ಟಿಫಿಕೇಟ್ ಕೊಡ್ತಾರೋ ಅಷ್ಟೂ ದಿನಕ್ಕೆ ಸಂಬಳದಲ್ಲಿ ನೂರಕ್ಕೆ ತೊಂಬತ್ತು ಪಾಲು ಬರುತ್ತೆ. ನಿಮ್ಮ ಬ್ಯಾಂಕಿಗೇ ಬರುತ್ತೆ. ಅರ್ಥ ಆಯ್ತಾ?”

“ಖಾತ್ರಿನಾ ಮೇಡಂ?”

“ಏನ್ರೀ, ತರಕಾರಿ ಕೊಳ್ಳೋಕೆ ಬಂದಿದ್ದೀರಾ? ಕಾನೂನು ಕಣ್ರೀ ಅದು. ನಮ್ಮ ವೆಬ್‌ಸೈಟಲ್ಲಿದೆ, ನಿಮ್ಮ ಹಿಂದೆ ಗೋಡೆ ಮೇಲೂ ಬರೆದಿದೆ. ಅಲ್ಲಿ ಇಲ್ಲಿ ಕೇಳೋ ಬದ್ಲು ಮೊದಲೇ ಇಲ್ಲಿಗೆ ಬರೋಕೆ ನಿಮಗೆಲ್ಲಾ ಏನ್ ಕಷ್ಟ?”

ಮುನೀಂದ್ರ ತಿರುಗಿ ನೋಡಿದ. ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆದೇ ಇತ್ತು. ಇಷ್ಟು ಹೊತ್ತೂ ಅದಕ್ಕೆ ಬೆನ್ನು ಒರಗಿಸಿಕೊಂಡೇ ಅವನು ತನ್ನ ಸರದಿಗೆ ಕಾದಿದ್ದ. ಬೈಸಿಕೊಂಡರೂ ಅವನಿಗೆ ಮೇಡಂ ಕಾಲಿಗೆ ಬೀಳೋಣ ಅನ್ನಿಸಿತು. ತನ್ನ ಕಾಲು ಬಗ್ಗದೆ ಇದ್ದದ್ದರಿಂದ ಸುಮ್ಮನಾದ. ವ್ಯಾನು ಕವಿತಳನ್ನು ಬಿಟ್ಟು, ಗುಂಡಿಗಳಲ್ಲಿ ಎಗರುತ್ತಾ ದೂರ ಹೋಗುವುದು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು.

“ಹಲೋ. ಏನು? ಹಾಲಾ? ನಿಮ್ಮದು ಆರನೇ ಫೋನು ಕಣ್ರೀ! ನಾವೇನು ಡೇರಿ ಇಟ್ಟಿದ್ದೀವಾ? ಏನು, ಡೇರಿಯಿಂದಲೇ ಮಾತಾಡ್ತಿರೋದಾ? ನೋಡಿ ಗೋಪಾಲಪ್ಪನೋರೇ, ಹಾಲಿಲ್ಲ, ಮೊಸರಿಲ್ಲ. ತೊಂಬತ್ತು ಪಾಲು ಸಂಬಳ ಅಷ್ಟೇ. ಯಾರು ಹೇಳಿದ್ದು ನಿಮಗೆ? ಮುನೀಂದ್ರ ಅನ್ನೋರಾ?”

ಮೇಡಂ ಕೈಯಲ್ಲಿದ್ದ ಕಾರ್ಡ್ ನೋಡಿದರು. ಆಮೇಲೆ ಮುನೀಂದ್ರನನ್ನು ನೋಡಿದರು. ಮುನೀಂದ್ರ ಬಟ್ಟೆ ಸುತ್ತಿದ ಹೆಬ್ಬೆಟ್ಟನ್ನು ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡ, ತಪ್ಪು ಮಾಡಿದ್ದು ಅದೇ ಅನ್ನುವ ಹಾಗೆ.

ಫೋನು ಇಟ್ಟು ಮೇಡಂ ಕೇಳಿದರು. “ಯಾಕ್ರೀ ಹಾಗಂದ್ರಿ?”

“ಹೆಂಡ್ತಿ ಬಸುರಿ ಮೇಡಂ. ಬಾಗಿಲ ಹಿಂದೆ ನಿಂತು ಕೇಳ್ತಿದ್ಲು. ಏನೂ ಕೊಡಲ್ಲ ಅಂತ ಅವರು ಎರಡೆರಡು ಸಲ ಅಂದ್ರು. ಅದಕ್ಕೆ…”

“ಅದಕ್ಕೆ ಹಾಲು?”

“ಬಾಯಿಗೆ ಅದೇ ಬಂತು ಮೇಡಂ. ಅವಳು ಹಾಲು ಕುಡೀಬೇಕು ಅಂತ ಡಾಕ್ಟರಮ್ಮ ಹೇಳಿದ್ರು. ಅದು ತಲೇಲಿತ್ತು.”

ಶಶಿರೇಖಾ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುವಷ್ಟು ಧೂಳೇನೂ ಅದರ ಮೇಲಿರಲಿಲ್ಲ. “ಮನೆಗೆ ಹೋಗಿ. ಊರಿನೋರಿಗೆಲ್ಲಾ ನಿಜ ಹೇಳಿ. ಆ ಕಾಲು ಊರ್ಬೇಡಿ,” ಅಂದರು.

ಸಂಜೆ ಊರಲ್ಲಿ ಆಟೋ ಇಳಿಯುತ್ತಿದ್ದ ಹಾಗೇ ಚಿಕ್ಕಬೀರಪ್ಪ ಎದುರಾದ. ಹೋದ ವಾರ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಅವನ ಬೆರಳು ಕುಯ್ದಿತ್ತು. ಮುನೀಂದ್ರ ನಿಂತಲ್ಲೇ ಶುರು ಮಾಡಿದ: “ಚಿಕ್ಕಬೀರಣ್ಣ, ಹಾಲು ಗೀಲು ಏನೂ ಇಲ್ಲ. ಆಫೀಸಲ್ಲೇ ಕೇಳ್ಕೊಂಡು ಬಂದೆ. ತೊಂಬತ್ತು ಪಾಲು ಸಂಬಳ ಅಷ್ಟೇ, ಅದೂ ಕಾರ್ಖಾನೆಯೋರಿಗೆ.”

ಚಿಕ್ಕಬೀರಪ್ಪ ನಕ್ಕ. “ಇರಲಿ ಬಿಡಪ್ಪಾ, ದೃಷ್ಟಿ ಆಗುತ್ತೆ ಅಂತ ಮುಚ್ಚಿಡ್ತೀಯಾ. ನಿನ್ನ ಹಾಲು ಆಗ್ಲೇ ಬಂದಿದೆಯಂತಲ್ಲ!”

“ಎಲ್ಲಿಗೆ?”

“ನಿಮ್ಮನೆಗೆ!”

ಮುನೀಂದ್ರ ಕುಂಟುತ್ತಾ ಓಡಿದ. ಅಡುಗೆಮನೆ ಕಟ್ಟೆ ಮೇಲೆ ನಿಜವಾಗಲೂ ಒಂದು ಸ್ಟೀಲ್ ಕ್ಯಾನು ಕೂತಿತ್ತು. ಪಕ್ಕದಲ್ಲಿ ಕವಿತ, ಕಣ್ಣರಳಿಸಿಕೊಂಡು.

“ಹಿತ್ತಲ ಬಾಗಿಲಲ್ಲಿ ಇಟ್ಟಿತ್ತು, ಅಕ್ಕಪಕ್ಕದೋರೂ ಕ್ಯಾನು ನೋಡಿದ್ರು. ಕಿವಿ ಕೆರ್ಕೊಂಡ್ರಿ ಅಂತ ಸುಳ್ಳು ಅಂದ್ಕೊಂಡಿದ್ದೆ ಕಣ್ರೀ. ನಂಬ್ದೆ ಇದ್ದಿದ್ದು ತಪ್ಪಾಯ್ತು.”

“ಕವಿತ, ತೊಂಬತ್ತು ಪಾಲು ಸಂಬಳ ಬರುತ್ತೆ. ಅದು ಸತ್ಯ. ಗೋಡೆ ಮೇಲೆ ಬರೆದವ್ರೆ. ನೀನು ವ್ಯಾನ್ ಹತ್ತೋದು ಬೇಡ. ಆದ್ರೆ ಹಾಲು…” ಎರಡು ಕೈಯನ್ನೂ ಅವಳಿಗೆ ಕಾಣುವ ಹಾಗೆ ಮುಂದಕ್ಕೆ ಹಿಡಿದ. “ಹಾಲು ನಾನೇ ಹುಟ್ಟಿಸಿದ್ದು.”

ಅವಳು ಅವನ ಕೈ ನೋಡಿದಳು, ಕಿವಿ ನೋಡಿದಳು, ಆಮೇಲೆ ಕ್ಯಾನು ನೋಡಿದಳು. “ಹಾಗಾದ್ರೆ ಇದು?”

ಹಿತ್ತಲ ಬಾಗಿಲು ಕಿರ್ರೆಂದಿತು. ಗೋಪಾಲಪ್ಪ ಬೆಕ್ಕಿನ ಹಾಗೆ ಒಳಗೆ ಬಂದು ಬಾಗಿಲು ಮುಚ್ಚಿದ. ಬೆಳಿಗ್ಗೆಗಿಂತ ಅವನು ಒಂದು ಗೇಣು ಕುಗ್ಗಿದ್ದ.

“ಲೇ ಮುನೀಂದ್ರ, ಬೆಳಿಗ್ಗೆ ಡೇರೀಲಿ ಎಲ್ಲರಿಗೂ ಹೇಳ್ಬಿಟ್ಟೆ ಕಣೋ. ಸರ್ಕಾರ ಹಾಲು ಕೊಡುತ್ತೆ, ನಾನು ವಿಚಾರಿಸಿದ್ದೀನಿ, ಪಕ್ಕಾ ಅಂತ. ಆಮೇಲೆ ಆ ಮೇಡಂ ಹಂಗೆ ಉಗಿದ್ರು. ನನ್ನ ಮಾತು ಇಷ್ಟು ವರ್ಷದಲ್ಲಿ ಒಂದ್ಸಲ ಸುಳ್ಳಾಗಿಲ್ಲ. ನಾಳೆ ನಾನು ಯಾರ ಹಾಲಿಗೆ ನೀರಿದೆ ಅಂದ್ರೂ, ನಿನ್ನ ಮಾತಲ್ಲಿ ನೀರಿಲ್ವಾ ಗೋಪಾಲಪ್ಪ ಅಂತಾರೆ. ಅದಕ್ಕೆ ನಮ್ಮ ಹಸುವಿಂದು ಒಂದು ಲೀಟರ್ ತಂದಿಟ್ಟೆ. ದಿನಾ ಹಿತ್ತಲಿಂದ ತಂದಿಡ್ತೀನಿ. ಸರ್ಕಾರದ್ದು ಅಂತಲೇ ಹೇಳು.”

“ಅಣ್ಣ, ಮೇಡಂ ಎಲ್ಲರಿಗೂ ನಿಜ ಹೇಳು ಅಂದವ್ರೆ…”

“ನಿಜ ಹೇಳಿದ್ರೆ ನಾನು ಸುಳ್ಳ ಆಗ್ತೀನಿ, ನೀನೂ ಆಗ್ತೀಯಾ. ಸುಮ್ನಿರು. ಹುಡುಗಿ ಕುಡೀಲಿ.” ಬಾಗಿಲ ಹತ್ತಿರ ಹೋದವನು ತಿರುಗಿದ. “ನೀರು ಹಾಕಿಲ್ಲ ಕಣಮ್ಮ. ಹಂಗೇ ಕಾಯಿಸ್ಕೋ.”

ಅವನು ಹೋದಮೇಲೆ ಕವಿತ ಬೈರೇಶನಿಗೆ ಫೋನ್ ಮಾಡಿ, ಬರಲ್ಲ ಅಂದಳು. ಆಮೇಲೆ ಹಾಲು ಕಾಯಿಸಿ ಎರಡು ಲೋಟಕ್ಕೆ ಬಗ್ಗಿಸಿದಳು. ಮುನೀಂದ್ರ ತನ್ನ ಲೋಟವನ್ನೂ ಅವಳ ಕಡೆ ತಳ್ಳಿದ.

“ನಾಳೆಯಿಂದ ಕಾಲು ಚಾಚ್ಕೊಂಡು ಆರಾಮಾಗಿ ಮಲ್ಕೊಳಿ,” ಅಂದಳು ಕವಿತ.

“ಹ್ಞೂ ಕಣೆ. ಇನ್ನೇನಿದೆ ನಂಗೆ ಕೆಲ್ಸ.”

ಮುಂಬಾಗಿಲು ತಟ್ಟಿದ ಸದ್ದಾಯಿತು. ಮುನೀಂದ್ರ ಕೋಲೂರಿಕೊಂಡು ಹೋಗಿ ತೆಗೆದ. ಚಿಕ್ಕಬೀರಪ್ಪ ನಿಂತಿದ್ದ, ಕುಯ್ದ ಬೆರಳಿಗೆ ಹೊಸ ಬಟ್ಟೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಖಾಲಿ ಚೊಂಬು ಹಿಡಿದು. ಅವನ ಹಿಂದೆ, ಬೀದಿ ದೀಪದ ಬೆಳಕಿನಲ್ಲಿ, ಸೊಂಟ ಹಿಡಿದವರು, ಕೈಗೆ ಪಟ್ಟಿ ಕಟ್ಟಿದವರು, ಮಂಡಿಗೆ ಎಣ್ಣೆ ಹಚ್ಚಿಕೊಂಡವರು ಒಬ್ಬೊಬ್ಬರಾಗಿ ಕ್ಯಾನು ಹಿಡಿದು ಬಂದು, ಡೇರಿಯಲ್ಲಿ ನಿಲ್ಲುವ ಹಾಗೆ ಸಾಲಾಗಿ ನಿಲ್ಲುತ್ತಿದ್ದರು.