ಯುದ್ಧಕ್ಕೆ ಹೋಗದ ಮುತ್ತಜ್ಜ

ವಂಶವೃಕ್ಷ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅವರ ಮನೆತನದಲ್ಲಿ ಒಬ್ಬನಾದರೂ ಸೋಮಾರಿ, ಸುಳ್ಳುಗಾರ ಹುಟ್ಟಿದ್ದನ್ನು ನಾನು ಕಾಣೆ. ನಾಲ್ಕು ತಲೆಮಾರು ಹಿಂದಕ್ಕೆ ಹೋದರೆ ಎಲ್ಲರೂ ದಿವಾನರು, ಇಲ್ಲವೇ ದಂಡನಾಯಕರು. ಹಾಗಾದರೆ ಮೀನು ಹಿಡಿದವರು, ಸೌದೆ ಹೊತ್ತವರು ಯಾರ ಅಜ್ಜಂದಿರೋ! ನಾನೇನು ಸತ್ಯಸಂಧನಲ್ಲ. ಆದರೆ ದುಬೈಯ ಜುಮೇರಾ ಲೇಕ್ ಟವರ್ಸಿನ ಆಫೀಸಿನಲ್ಲಿ ವರ್ಷಗಟ್ಟಲೆ ಕಡತ ತಾಳೆ ನೋಡಿದವನು. ಕಾಗದದಲ್ಲಿ ಇಲ್ಲದ್ದನ್ನು ಇದೆ ಎಂದರೆ ಮೈ ಉರಿಯುತ್ತದೆ.

ನನ್ನ ಹೆಂಡತಿಯ ಅಣ್ಣ ಹನೀಫನಿಗೂ ನನಗೂ ಒಂದೇ ಪ್ರಾಯ, ಪರಸ್ಪರ ಭಾವ ಎಂದೇ ಕರೆಯುವುದು. ಕಳೆದ ರಂಜಾನಿನ ನಂತರ ಈ ಹುಚ್ಚು ಅವನಿಗೂ ಹಿಡಿಯಿತು. ಅವನ ಮುತ್ತಜ್ಜ ಮಂಗಳೂರಿನಿಂದ ಬೊಂಬಾಯಿಗೆ ಹೋಗಿ, ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತ ನ್ಯೂಯಾರ್ಕ್ ತಲುಪಿದವನು ಅಲ್ಲೇ ಇಳಿದುಬಿಟ್ಟ. ಮತ್ತೆ ಊರಿಗೆ ಬರಲಿಲ್ಲ. ಭಾವ ಅಂತರ್ಜಾಲವನ್ನು ಜಾಲಾಡಿ, ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಚೀಟಿಯೊಂದನ್ನು ಹೊರತೆಗೆದ. ಮುಂದೆ ಸೇನೆಗೆ ಕರೆಯಬೇಕಾದೀತೆಂದು ಅಲ್ಲಿನ ಸರ್ಕಾರ ಗಂಡಸರ ಹೆಸರು ಬರೆಸಿಕೊಂಡ ಚೀಟಿ, ಅಷ್ಟೇ. ಅದನ್ನು ಭಾವ ಕುಟುಂಬದ ವಾಟ್ಸಾಪ್ ಗುಂಪಿಗೆ "ನಮ್ಮ ವೀರಯೋಧ" ಎಂದು ಹಾಕಿದ್ದೇ ತಡ, ಹೃದಯಗಳ ಸುರಿಮಳೆ. ಅಬುಧಾಬಿಯ ಚಿಕ್ಕಪ್ಪ ಸೆಲ್ಯೂಟನ್ನೇ ಹೊಡೆದರು.

ಶುಕ್ರವಾರ ಡಿಸ್ಕವರಿ ಗಾರ್ಡನ್ಸಿನ ಅವನ ಮನೆಗೆ ಹೋದವನೇ ಕೇಳಿದೆ: "ಭಾವ, ಇದು ಬರೀ ನೋಂದಣಿ. ಯುದ್ಧಕ್ಕೆ ಹೋದದ್ದಕ್ಕೆ ಪುರಾವೆ ಎಲ್ಲುಂಟು?"

"ಹೆಸರು ಬರೆಸಿದ ಮೇಲೆ ಹೋಗದೆ ಇರ್ತಾರಾ ಮಾರಾಯ?"

"ನೀನು ಜಿಮ್ಮಿಗೆ ಹೆಸರು ಬರೆಸಿದ್ದಿಯಲ್ಲ, ಹೋದಿಯಾ?"

ಅವನ ಹೆಂಡತಿ ಗಂಡನ ಹೊಟ್ಟೆ ನೋಡಿ ನಕ್ಕಳು. ಭಾವ ವಂಶವೃಕ್ಷದ ಪುಟ ತೆರೆದಿದ್ದ ಲ್ಯಾಪ್‌ಟಾಪನ್ನು ನನ್ನ ತೊಡೆಗೆ ತಳ್ಳಿ, "ಯಲ್ಲಾ, ಹಾಗಾದರೆ ನೀನೇ ಬರಿ" ಎಂದ. ನಾನು ವೀರಯೋಧನನ್ನು ಅಳಿಸಿ, ಚೀಟಿಯಲ್ಲಿ ಇದ್ದದ್ದನ್ನಷ್ಟೇ ದೊಡ್ಡದಾಗಿ ಓದುತ್ತ ದಾಖಲಿಸತೊಡಗಿದೆ: ಎತ್ತರ, ತೂಕ, ಕಪ್ಪು ಕೂದಲು, ಎಡಗೈಯಲ್ಲಿ ಸುಟ್ಟ ಕಲೆ. ನಡುನಡುವೆ ಪುರಾವೆಯ ಮಹಿಮೆಯ ಬಗ್ಗೆ ಭಾಷಣವನ್ನೂ ಬಿಗಿದೆ. ಮುಂದಿನ ಸಾಲು, 'ನಿಮ್ಮ ವಿಳಾಸ ಸದಾ ಗೊತ್ತಿರುವ ವ್ಯಕ್ತಿ.'

"ಅಲ್ಲಿ ಯಾರ ಹೆಸರುಂಟು ಮಗಾ?"

ಕೇಳಿದ್ದು ಹನೀಫನ ಅಜ್ಜಿ. ವಿಸಿಟ್ ವೀಸಾದಲ್ಲಿ ಮೊಮ್ಮಗನ ಮನೆಗೆ ಬಂದು, ಇಷ್ಟು ಹೊತ್ತು ಮೂಲೆಯಲ್ಲಿ ತಸ್ಬೀಹ್ ಮಣಿ ಹಿಡಿದು ಕೂತಿದ್ದರು. ಚೀಟಿಯ ಮನುಷ್ಯ ಅವರ ಅಪ್ಪ. ಅವನು ಹಡಗು ಹತ್ತಿದಾಗ ಅಜ್ಜಿ ಇನ್ನೂ ತೊಟ್ಟಿಲಲ್ಲಿ.

"ನನ್ನ ಹೆತ್ತ ಉಮ್ಮ ಸಾಯುವ ತನಕ ನನಗೆ ಹೇಳ್ತಿದ್ದರು, ನಿನ್ನ ಅಪ್ಪ ನಮ್ಮನ್ನು ಮರೀಲಿಲ್ಲ ಅಂತ. ಅವರ ಹೆಸರುಂಟಾ ನೋಡು."

ಇದ್ದದ್ದು ಯಾವನೋ ವಸತಿಗೃಹದ ಮಾಲೀಕನ ಹೆಸರು. ನಾನು ಭಾವನನ್ನು ನೋಡಿದೆ. ಅವನು ಏಸಿಯನ್ನು ನೋಡಿದ. ಅಜ್ಜಿಯ ಬೆರಳು ಮಣಿಯ ಮೇಲೆ ನಿಂತಿತ್ತು.

"ಉಂಟು ಅಜ್ಜಿ. ಅವರದ್ದೇ."

ಅಜ್ಜಿ ಶಾಲಿನಿಂದ ಕಣ್ಣೊರೆಸಿ, "ಊರಿಗೆ ಹೋಗುವಾಗ ಆ ಕಾಗದ ನನಗೆ ಬೇಕು" ಎಂದರು.

ಈಗ ಕಾಗದ ತಯಾರಾಗಿದೆ. ಅಕ್ಷರ ಹೊಂದಿಸಿ ಅಜ್ಜಿಯ ಉಮ್ಮನ ಹೆಸರನ್ನು ಆ ಸಾಲಿಗೆ ಕೂರಿಸಿದವನು, ಆಫೀಸಿನ ಪ್ರಿಂಟರಿನಲ್ಲಿ ತೆಗೆದವನು, ಹಳೆಯದಾಗಿ ಕಾಣಲೆಂದು ಹಾಲಿಲ್ಲದ ಸುಲೈಮಾನಿ ಚಹಾದಲ್ಲಿ ಅದ್ದಿ ಒಣಗಿಸಿದವನು ನಾನೇ. ಅಸಲಿಗಿಂತ ನನ್ನದೇ ಅಸಲಿಯಾಗಿ ಬಂದಿದೆ ಎಂದು ಭಾವ ಒಪ್ಪಿದ್ದಾನೆ.