ಮರಿಗಳಿಗೂ ಒಂದು ಕಟಿಂಗ್

"ಊರಿನವರ ತಲೆಗಳನ್ನೆಲ್ಲ ಹದಕ್ಕೆ ತಂದವನು ಕಣೇ ನಾನು! ನಾಲ್ಕು ಹೆಬ್ಬಾತಿನ ಮರಿಗಳಿಗೆ ಮೇವು ಹಾಕೋದು ಯಾವ ಮಹಾ ವಿದ್ಯೆ? ನಿಶ್ಚಿಂತೆಯಿಂದ ನಿಮ್ಮಕ್ಕನ ಮನೆಗೆ ಹೋಗಿ ಬಾ!"

ಕ್ಷೌರದಂಗಡಿಯವ ಎದೆ ತಟ್ಟಿ ಹೇಳಿದ. ಕೊಬ್ಬಿಸಿ ಮಾರಲೆಂದು ಹೆಂಡತಿ ಹಿತ್ತಲಲ್ಲಿ ಸಾಕಿದ್ದ ಮರಿಗಳವು. "ಸೊಪ್ಪನ್ನ ಸಣ್ಣಗೆ ಹೆಚ್ಚಿ ಹಾಕ್ರೀ," ಎಂದು ಹೇಳಿಯೇ ಹೋದಳು. ಈತ ಉದ್ದುದ್ದ ಹುಲ್ಲನ್ನು ಹಾಗೇ ಸುರಿದ. ಹುಲ್ಲಿಗೂ ಕಟಿಂಗ್ ಮಾಡುವಷ್ಟು ತನ್ನ ಕಸುಬು ಕೆಟ್ಟಿಲ್ಲ ಎಂಬ ಗತ್ತು!

ಸಂಜೆ ನೋಡಿದರೆ ಎಲ್ಲಕ್ಕಿಂತ ಚಿಕ್ಕ ಮರಿ ಮೂಲೆ ಹಿಡಿದಿತ್ತು. ನುಂಗಿದ ಉದ್ದ ಹುಲ್ಲು ಸಿಕ್ಕಿಕೊಂಡು ಕುತ್ತಿಗೆಯ ಬುಡ ಕಲ್ಲಿನಂತೆ ಉಬ್ಬಿತ್ತು. ಕೊಕ್ಕು ತೆರೆಯಿತು, ದನಿ ಬರಲಿಲ್ಲ. ಆತ ಓಡಿಹೋಗಿ ಎಣ್ಣೆ ಬಟ್ಟಲು ತಂದ. ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, ಹನಿ ಹನಿಯಾಗಿ ಎಣ್ಣೆ ಕುಡಿಸಿ, ಉಬ್ಬನ್ನು ಮೆಲ್ಲಗೆ ನೀವುತ್ತಲೇ ಕೂತ.

"ನಿಮ್ಮಮ್ಮಂಗೆ ಹೇಗೆ ಮುಖ ತೋರಿಸ್ಲೋ, ಕಂದಾ?"

ಬಹಳ ಹೊತ್ತಿನ ಮೇಲೆ ಉಬ್ಬು ಕರಗಿತು. ಮರಿ ಎದ್ದು ಆತನ ಅಂಗಿಯ ಗುಂಡಿ ಕುಕ್ಕಿತು. ಆತ ಕಣ್ಣೊರೆಸಿಕೊಂಡ.

ಮರುದಿನದಿಂದ ಅಂಗಡಿಯ ಕತ್ತರಿಯಲ್ಲೇ ಸೊಪ್ಪಿಗೆ ಕಟಿಂಗ್! ಚೂರುಗಳನ್ನು ಗಿರಾಕಿಗಳಿಗೆ ಹೊದಿಸುವ ಬಟ್ಟೆಯಲ್ಲಿ ತುಂಬಿ, ಹಿತ್ತಲಲ್ಲಿ ಪಟಾರನೆ ಕೊಡವುತ್ತಿದ್ದ. ಆ ಸದ್ದು ಕೇಳಿದರೆ ಸಾಕು, ಮರಿಗಳು ಎದ್ದೆವೋ ಬಿದ್ದೆವೋ ಎಂದು ಓಡಿಬರುತ್ತಿದ್ದವು.

ಹೀಗಿರಲು ಒಂದು ಬೆಳಿಗ್ಗೆ ಹೆಡ್‌ಮೇಷ್ಟ್ರು ಬಂದು ಮನೆ ಮುಂಭಾಗದಲ್ಲೇ ಇದ್ದ ಅಂಗಡಿಯ ಕುರ್ಚಿಯನ್ನು ಅಲಂಕರಿಸಿದರು.

"ಇವತ್ತು ಶಾಲೇಲಿ ಗ್ರೂಪ್ ಫೋಟೋ ಕಣಪ್ಪಾ. ಮೀಸೆಗೊಂದು ಘನತೆ ಬರ್ಬೇಕು."

"ನೀವು ಕಣ್ಮುಚ್ಚಿ ಕೂತ್ಕೊಳ್ಳಿ ಸಾರ್!"

ಆತ ಅದೇ ಬಟ್ಟೆಯನ್ನು ಪಟಾರನೆ ಕೊಡವಿ ಹೊದಿಸಿ, ಕತ್ತರಿ ಎತ್ತಿದ. ಹಿತ್ತಲ ಬಾಗಿಲು ತೆರೆದೇ ಇತ್ತು. ನಡುಮನೆ ದಾಟಿ ಇಡೀ ದಂಡು ಅಂಗಡಿಗೆ ನುಗ್ಗಿತು! ಬಟ್ಟೆಗಂಟಿದ್ದ ಸೊಪ್ಪಿನ ಆಸೆಗೆ ಚಿಕ್ಕ ಮರಿ ರೆಕ್ಕೆ ಬಡಿದು ಮೇಷ್ಟ್ರ ತೊಡೆಯೇರಿತು. ಮೇಷ್ಟ್ರು ಬೆಚ್ಚಿದರು, ಕತ್ತರಿ ಕಚಕ್ಕೆಂದಿತು. ಮೀಸೆಯ ಬಲಭಾಗ ಮಡಿಲಿಗೆ ಬಿತ್ತು. ಮರಿ ಅದನ್ನೂ ರುಚಿ ನೋಡಿ ಉಗುಳಿತು.

ಅಷ್ಟರಲ್ಲಿ ಚೀಲ ಹಿಡಿದ ಹೆಂಡತಿ ಬಾಗಿಲಲ್ಲಿ ಪ್ರತ್ಯಕ್ಷ! ಗಂಡನತ್ತ ನೋಡದೆ, ಮೇಷ್ಟ್ರತ್ತ ನೋಡಲಾರದೆ, ಮರಿಗಳನ್ನೇ ದಿಟ್ಟಿಸಿದಳು.

"ಚೆನ್ನಾಗಿ ದುಂಡಗಾಗಿವೆ ಕಣ್ರೀ..."

"ಸಾರ್, ಇನ್ನೊಂದು ಕಡೇನೂ ಸಮ ಮಾಡಿಬಿಡ್ತೀನಿ," ಎಂದು ಆತ ಗಡಗಡ ನಡುಗುತ್ತ ಕತ್ತರಿ ಎತ್ತಿದ.

ಮೇಷ್ಟ್ರು ಗಂಭೀರವಾಗಿ ಆತನ ಮಣಿಕಟ್ಟು ಹಿಡಿದರು.

"ನೀನು ಬೇಡಪ್ಪಾ. ಉಳಿದರ್ಧ ಈ ಮರಿಗೇ ಬಿಡು. ಅದರ ಕೊಕ್ಕಾದ್ರೂ ನಡುಗ್ತಿಲ್ಲ!"