ಬ್ಯಾಕ್ಟೀರಿಯಾಗಳ ಜೊತೆ ಪಥ್ಯದ ಅದಲುಬದಲು

ನನ್ನ ಹೆಂಡತಿ ನನ್ನನ್ನು ನಂಬುವುದಿಲ್ಲ. ಊರಿನವರೆಲ್ಲ ತಮ್ಮ ಅಜ್ಜಂದಿರ ಕೈಗಡಿಯಾರಗಳನ್ನು ಕಣ್ಣು ಮುಚ್ಚಿಕೊಂಡು ನನ್ನ ರಿಪೇರಿ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರೆ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಈ ಕೈಗೆ ಮನೆಯಲ್ಲಿ ಒಲೆಯ ಮೇಲಿನ ಹಾಲು ಕಾಯುವ ಅಧಿಕಾರವೂ ಇಲ್ಲ. (ಒಮ್ಮೆ ಉಕ್ಕಿತ್ತು, ನಿಜ. ಎರಡು ಸಲ ಅನ್ನುವುದು ನನ್ನ ಅತ್ತೆಯ ಅಪಪ್ರಚಾರ.)

ಹಾಗಿರುವಾಗ ಕಳೆದ ಶುಕ್ರವಾರ ಸಂಜೆ ಅವಳು ತನ್ನ ಪ್ರಯೋಗಾಲಯದಿಂದ ಬಂದವಳೇ, ಹತ್ತಿಯ ಬಿರಡೆ ಹಾಕಿದ ಗಾಜಿನ ಫ್ಲಾಸ್ಕೊಂದನ್ನು ನನ್ನ ಕೈಗಿಟ್ಟು, "ರೀ, ಇದು ನಿಮ್ಮ ಜವಾಬ್ದಾರಿ" ಅಂದಳು. ನನ್ನ ಎದೆ ಉಬ್ಬಿತು. ಹೊಟ್ಟೆ ಮೊದಲೇ ಉಬ್ಬಿತ್ತು.

"ಏನೇ ಇದು? ಕಲಗಚ್ಚಿನ ಥರ ಇದೆ."

"ಬ್ಯಾಕ್ಟೀರಿಯಾ ರೀ. ಪ್ಲಾಸ್ಟಿಕ್ ಮಾಡ್ತವೆ."

"ಕಾರ್ಖಾನೆ ಎಲ್ಲಿದೆ?"

"ಅವುಗಳ ಹೊಟ್ಟೇಲಿ."

ಆಮೇಲೆ ಒಂದು ಬಾಟಲಿ ಕಂದು ಬಣ್ಣದ ರಸ ತೆಗೆದಿಟ್ಟಳು. ಜೋಳದ ದಂಟು, ಹೊಟ್ಟು, ಹಣ್ಣಿನ ಮಂಡಿಯಲ್ಲಿ ಎಸೆದ ಸಿಪ್ಪೆ ಎಲ್ಲ ಬೇಯಿಸಿ ಸೋಸಿದ್ದಂತೆ. ಅದೇ ಅವುಗಳ ಊಟ.

"ಸಿಹಿ ಧಾರಾಳವಾಗಿ ಕೊಡಿ. ಆದ್ರೆ ಪ್ರೊಟೀನ್ ಒಂದು ಹನಿಯೂ ಬೀಳಬಾರದು. ಮೈ ಬೆಳೆಸೋಕೆ ಬೇಕಾದ್ದು ಸಿಗದೆ ಇದ್ರೆ, ಸಿಕ್ಕಿದ ಸಿಹೀನೆಲ್ಲ ಕೊಬ್ಬಿನ ಥರ ಒಳಗೆ ಕೂಡಿಟ್ಕೋತವೆ. ಆ ಕೊಬ್ಬೇ ಪ್ಲಾಸ್ಟಿಕ್ಕು. ಮಣ್ಣಲ್ಲಿ ಹೂತ್ರೆ ಕರಗಿ ಹೋಗುತ್ತೆ."

"ಅಂದ್ರೆ ಉಪವಾಸ ಕೆಡವಿದ್ರೆ ದಪ್ಪ ಆಗ್ತವೆ?"

"ಉಪವಾಸ ಅಲ್ಲ."

"ಹೊಟ್ಟೆ ತುಂಬ ತಿನ್ನಿಸಿದ್ರೆ?"

"ಪೂರ್ತಿ ಅದೂ ಅಲ್ಲ."

"ಮತ್ತೇನು ಮಾಡ್ಲಿ?"

"ಯೋಚನೆ ಒಂದು ಮಾಡ್ಬೇಡಿ. ಹೇಳಿದಷ್ಟು ರಸ ಹಾಕಿ, ಆಗಾಗ ಕುಲುಕಿ. ಅವಕ್ಕೆ ಗಾಳಿ ಬೇಕು. ಕುಲುಕೋ ಯಂತ್ರ ಕೆಟ್ಟಿದೆ, ನಾನು ಹೊಟ್ಟು ನೋಡೋಕೆ ಗಿರಣಿಗೆ ಹೋಗ್ಬೇಕು. ಸೋಮವಾರ ನಿರ್ದೇಶಕರು ಬರ್ತಾರೆ. ಅವರಿಗೆ ಒಪ್ಪಿಗೆ ಆಗದಿದ್ರೆ ನಮ್ಮ ಯೋಜನೆ ಮುಚ್ಚಿದ ಹಾಗೆ. ಆಮೇಲೆ ನಾನು ದಿನವಿಡೀ ಮನೇಲೇ ಇರ್ತೀನಿ."

"ದಿನವಿಡೀ?"

"ನಿಮ್ಮ ಎದುರಿಗೇ."

ವಿಜ್ಞಾನ ನನಗೆ ಅರ್ಥವಾಗದಿದ್ದರೂ ವಿಷಯದ ಗಾಂಭೀರ್ಯ ಚೆನ್ನಾಗಿ ಅರ್ಥವಾಯಿತು.

ಶನಿವಾರ ಅವಳು ಹೊರಟಳು. ಅಂಗಡಿ ಇರುವುದು ಮನೆಯ ಮುಂದಿನ ಕೋಣೆಯಲ್ಲೇ ಆದ್ದರಿಂದ ಫ್ಲಾಸ್ಕನ್ನು ಗಡಿಯಾರಗಳ ನಡುವೆ ಇಟ್ಟುಕೊಂಡು ಕುಲುಕುತ್ತ ಕೂತೆ. ಅತ್ತೆ ಒಳಗೆ ತೂಗುಕುರ್ಚಿಯಲ್ಲಿ ಮಡಿಲ ಮೇಲೆ ದಪ್ಪ ಶಾಲು ಹರಡಿಕೊಂಡು, ಟೀವಿ ನೋಡುತ್ತ ಒಂದೇ ಸಮನೆ ತೂಗುತ್ತಿದ್ದರು.

"ಚಳೀನಾ ಅತ್ತೆ?"

"ವಯಸ್ಸಾಯ್ತಲ್ಲಪ್ಪ" ಎಂದರು. ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಮಧ್ಯಾಹ್ನ ಊಟದ ತಟ್ಟೆ ಬಂತು. ನನ್ನ ರಕ್ತದಲ್ಲಿ ಸಕ್ಕರೆ ಏರಿದೆಯೆಂದು ಡಾಕ್ಟರು ಸಿಹಿಯನ್ನು ಕಿತ್ತುಕೊಂಡು ಬೇಯಿಸಿದ ಕಾಳನ್ನು ದಯಪಾಲಿಸಿದ ಮೇಲೆ ನಾನು ಮನುಷ್ಯನೋ ಕುದುರೆಯೋ ಎಂಬ ಗೊಂದಲ ಇದ್ದೇ ಇತ್ತು. ಈಗ ಎರಡನೆಯ ಗೊಂದಲ ಹುಟ್ಟಿತು. ನನಗೆ ನಿಷೇಧವಾದದ್ದು ಈ ಕ್ಷುದ್ರಜೀವಿಗಳಿಗೆ ಧಾರಾಳ; ಅವಕ್ಕೆ ನಿಷೇಧವಾದದ್ದು ನನಗೆ ಧಾರಾಳ! ಇದ್ಯಾವ ನ್ಯಾಯ? ಅಳತೆ ನೋಡುವ ನೆಪದಲ್ಲಿ ಒಂದು ಚಮಚ ರಸ ನಾಲಗೆಗೆ ಮುಟ್ಟಿಸಿದೆ. ಒದ್ದೆ ಹುಲ್ಲಿನ ಬಣವೆಗೆ ಸಕ್ಕರೆ ಸುರಿದ ಹಾಗಿತ್ತು. ತಿಂಗಳುಗಟ್ಟಲೆ ಸಿಹಿ ಕಾಣದ ನಾಲಗೆಗೆ ಅದೇ ಅಮೃತ.

ಅವುಗಳ ಪಾಲು ತಿಂದ ಮೇಲೆ ಸುಮ್ಮನಿರುವುದು ಸಜ್ಜನರ ಲಕ್ಷಣವಲ್ಲ. ಕಾಳು ಬೆಂದ ನೀರನ್ನು ಒಂದು ಚಮಚ ಫ್ಲಾಸ್ಕಿಗೆ ಬಿಟ್ಟೆ. ಪಾಪ, ಎಷ್ಟು ದಿನದ ಹಸಿವೋ! ಸಂಜೆ ನನಗೆ ಎರಡು ಚಮಚ, ಅವಕ್ಕೂ ಎರಡು. ಭಾನುವಾರದ ಹೊತ್ತಿಗೆ ಚಮಚಗಳ ಹಂಗು ಬಿಟ್ಟು ನಾವು ಅಣ್ಣತಮ್ಮಂದಿರ ಹಾಗೆ ಬಾಳತೊಡಗಿದ್ದೆವು. ಫ್ಲಾಸ್ಕಿನೊಳಗೆ ಸಂತತಿ ಹೆಚ್ಚಿ ನೀರು ದಟ್ಟವಾಯಿತು. ಹೆಂಡತಿ ನೋಡಿದರೆ ನನ್ನನ್ನು ಹೊಗಳುವ ಮಾತಿಗೆ ತಡಕಾಡುತ್ತಾಳೆ ಅಂದುಕೊಂಡೆ.

ಸೋಮವಾರ ಫ್ಲಾಸ್ಕು ಹಿಡಿದುಕೊಂಡು ಅವಳ ಹಿಂದೆಯೇ ಪ್ರಯೋಗಾಲಯಕ್ಕೆ ಹೋದೆ. ಬಿಳಿ ಕೋಟಿನ ನಿರ್ದೇಶಕರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಜೀವಿಗಳೇನೋ ಬೇಕಾದಷ್ಟಿವೆ. ಪ್ಲಾಸ್ಟಿಕ್ ಎಲ್ಲಮ್ಮ? ಒಂದು ಕಣವೂ ಕಾಣ್ತಿಲ್ಲ. ಯಾರೋ ಪ್ರೊಟೀನ್ ಹಾಕಿದ್ದಾರೆ. ಕೂಡಿಟ್ಟಿದ್ದನ್ನೆಲ್ಲ ಕರಗಿಸಿಕೊಂಡು ಮರಿ ಹಾಕ್ತಾ ಕೂತಿವೆ."

ಅವಳು ವರ್ಷಗಟ್ಟಲೆ ಹೊಟ್ಟು, ಸಿಪ್ಪೆ ಹೊತ್ತು ತಂದದ್ದೆಲ್ಲ ನನ್ನ ಬಾಯಿಚಪಲಕ್ಕೆ ನೀರುಪಾಲಾಯಿತಲ್ಲ! ನಿಜವಾಗಿಯೂ ಕಣ್ಣು ತುಂಬಿ ಬಂತು.

"ಸರ್, ತಪ್ಪು ಅವಳದ್ದಲ್ಲ. ಅವುಗಳ ಸಿಹಿ ನಾನು ಕುಡಿದೆ. ನನ್ನ ಕಾಳಿನ ನೀರು ಅವಕ್ಕೆ ಹಾಕಿದೆ."

ಹೆಂಡತಿಯ ಮುಖ ನೋಡಲು ಧೈರ್ಯ ಸಾಲಲಿಲ್ಲ. ಕೊನೆಗೆ ನೋಡಿದರೆ, ಮದುವೆಯಾದ ಮೇಲೆ ಮೊದಲ ಸಲ ಅವಳು ನನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದಳು!

"ಕೇಳಿದ್ರಲ್ಲ ಸರ್?" ಎಂದು ಚೀಲದಿಂದ ಇನ್ನೊಂದು ಫ್ಲಾಸ್ಕು ತೆಗೆದಳು. "ಈಗ ಇದನ್ನ ನೋಡಿ. ಪ್ರೊಟೀನ್ ತಪ್ಪಿಸಿ ಸಾಕಿದ್ದು. ನಮ್ಮಮ್ಮ ಎರಡು ದಿನ ತೂಗುಕುರ್ಚೀಲಿ ಶಾಲಿನೊಳಗೆ ಇಟ್ಕೊಂಡು ತೂಗಿದ್ದು."

ನಿರ್ದೇಶಕರು ಇಣುಕಿದವರು ತಲೆಯೆತ್ತಲೇ ಇಲ್ಲ. "ಒಳಗೆಲ್ಲ ಬರೀ ಪ್ಲಾಸ್ಟಿಕ್ಕೇ ತುಂಬಿದೆಯಲ್ಲಮ್ಮ! ಮುಂದುವರಿಸಿ, ಮುಂದುವರಿಸಿ. ಹಾಗಾದ್ರೆ ಆ ಮೊದಲನೇದು?"

"ಹೋಲಿಸಿ ತೋರಿಸೋಕೆ ಕೆಟ್ಟದ್ದೊಂದು ಬೇಕಿತ್ತು ಸರ್. ಬೇಕಂತಲೇ ಕೆಡಿಸೋಕೆ ನನಗೆ ಪುರುಸೊತ್ತು ಇರ್ಲಿಲ್ಲ. ಇವರ ಕೈಗೆ ಕೊಟ್ಟೆ."

"ಅದರ ಸಿಹಿಯಿಂದ ಆಗಬೇಕಿದ್ದ ಕೊಬ್ಬು ಎಲ್ಲಿ ಹೋಯ್ತಮ್ಮ?"

ಅವಳು ನನ್ನ ಹೊಟ್ಟೆಯ ಕಡೆ ಕೈ ತೋರಿಸಿದಳು. ಸುತ್ತ ನಿಂತಿದ್ದ ಪ್ರಯೋಗಾಲಯದವರೆಲ್ಲ ಚಪ್ಪಾಳೆ ತಟ್ಟಿದರು. ಅದು ಮೆಚ್ಚುಗೆಯೋ ಮಂಗಳಾರತಿಯೋ ತಿಳಿಯದೆ ನಾನೂ ತಟ್ಟಿದೆ.

ಇವತ್ತು ಮತ್ತೆ ಶುಕ್ರವಾರ. ಮತ್ತೊಂದು ಫ್ಲಾಸ್ಕು ನನ್ನ ಮೇಜಿನ ಮೇಲಿದೆ.

"ಇದು ಯಾವುದೇ? ಉಳೀಬೇಕಾದ್ದೋ, ಕೆಡಬೇಕಾದ್ದೋ?"

"ಅದನ್ನ ಹೇಳಿದ್ರೆ ಪ್ರಯೋಗ ಹಾಳಾಗುತ್ತೆ ರೀ" ಎಂದು ಬಾಗಿಲು ದಾಟಿದಳು.

ಒಂದು ಪಕ್ಕ ಕಾಳಿನ ತಟ್ಟೆ, ಇನ್ನೊಂದು ಪಕ್ಕ ರಸದ ಬಾಟಲಿ. ಚೆನ್ನಾಗಿ ನೋಡಿಕೊಂಡರೆ ಕೆಲಸ ಕೆಡಬಹುದು, ಕೆಡಿಸಿದರೆ ನೆಟ್ಟಗಾಗಬಹುದು. ಅತ್ತೆಯ ಮಡಿಲಲ್ಲಿ ಇನ್ನೊಂದು ಫ್ಲಾಸ್ಕಿದ್ದರೆ ನನ್ನದು ಕೆಡಬೇಕಾದ್ದೇ ಎಂದುಕೊಂಡು ಒಳಗೆ ಇಣುಕಿದೆ. ಅವರು ಕುರ್ಚಿಯಲ್ಲಿ ತೂಗುತ್ತಿದ್ದರು. ಮಡಿಲ ಮೇಲೆ ಶಾಲು ಇರಲಿಲ್ಲ. ಫ್ಲಾಸ್ಕೂ ಇರಲಿಲ್ಲ. ನನ್ನನ್ನು ಕಂಡು ನಕ್ಕು, "ಏನು ಅಳಿಯಂದಿರೇ, ಹಸಿವಾ?" ಎಂದು ಕೇಳಿದರು.